ತಾತನ ದನಿ, ತಲೆಕೆಳಗಾದ ಕೆಂಪು ವೈರು

ಕಂಪ್ಯೂಟರ್ ಇಟ್ಟುಕೊಂಡ ಮನೆಗಳಲ್ಲಿ ಒಂದು ತಾಪತ್ರಯ ಇದ್ದೇ ಇರುತ್ತದೆ. ಪೆನ್‌ಡ್ರೈವ್, ಮೌಸ್, ಫೋನಿನ ಕೇಬಲ್ ಚುಚ್ಚಲು ಕ್ಯಾಬಿನೆಟ್ಟಿನ ಮುಂದುಗಡೆ ಪೋರ್ಟ್‌ಗಳಿರುತ್ತವಲ್ಲ, ಅವು ಯಾವತ್ತೋ ಒಂದು ದಿನ ಮುನಿಸಿಕೊಂಡು ಸುಮ್ಮನಾಗಿಬಿಡುತ್ತವೆ. ಆಮೇಲೆ ಮನೆಮಂದಿಯೆಲ್ಲ ಮೇಜಿನ ಕೆಳಗೆ ನುಸುಳಿ, ಹಿಂದುಗಡೆ ಕೈ ಹಾಕಿ ತಡಕಾಡಿ, ತಲೆಗೊಂದು ಪೆಟ್ಟು ತಿಂದು ಎದ್ದು ಬರಬೇಕು.

ಒಬ್ಬ ಬಡಗಿಯ ಮನೆಯಲ್ಲೂ ಹಾಗೇ ಆಯಿತು. ಅವನ ಮಗಳು ಇನ್ನೂ ತೊದಲು ಮಾತಾಡುವ ಕೂಸು, ಅವಳನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಅವಳು ಒಂದು ದಿನ ಮುಂದಿನ ಪೋರ್ಟುಗಳಿಗೆ ಬಳಪದ ಚೂರು ತುರುಕಿ ಚಪ್ಪಾಳೆ ತಟ್ಟಿದಳು. ಬಡಗಿ ಸೂಜಿ ತಂದು ಬಳಪ ಕೆದಕಿದ. ಬಳಪದ ಜೊತೆಗೆ ಒಳಗಿನ ತಗಡೂ ಕಿತ್ತು ಬಂತು. ಹಿಂದುಗಡೆಯ ಪೋರ್ಟುಗಳು ಚೆನ್ನಾಗಿಯೇ ಇದ್ದವು, ಆದರೆ ಅಲ್ಲಿಗೆ ಕೈ ಹೋಗುತ್ತಿರಲಿಲ್ಲ. ಕಂಪ್ಯೂಟರಿನ ಮೇಜನ್ನು ಬಡಗಿ ತಾನೇ ಮಾಡಿದ್ದ. ಹಿಂಬದಿಗೆ ಹಲಗೆ ಹೊಡೆದು ಅಂದವಾಗಿ ಮುಚ್ಚಿದ್ದ. ಅಂದ ಹೆಚ್ಚಾಯಿತು, ಕೈ ಹಾಕಲು ಸಂದು ಉಳಿಯಲಿಲ್ಲ.

ಬೇರೆ ಸಮಯದಲ್ಲಾದರೆ ಇದು ನಕ್ಕು ಸುಮ್ಮನಾಗುವ ಮಾತು. ಆದರೆ ಆ ಮನೆಯಲ್ಲಿ ಆಗ ನಗುವ ಹೊತ್ತಾಗಿರಲಿಲ್ಲ.

ಬಡಗಿಯ ಅಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮುಂಜಾನೆ ಅವರು ಕಟ್ಟೆ ಹತ್ತಿ ದನಿ ಎತ್ತಿದರೆ ಆ ಗೇಟಿನಲ್ಲಿದ್ದ ಲಾರಿ ಡ್ರೈವರಿಗೂ ಕೇಳುತ್ತಿತ್ತು, ಈ ಗೇಟಿನಲ್ಲಿ ಚಹಾ ಕಾಯಿಸುವವನಿಗೂ ಕೇಳುತ್ತಿತ್ತು. ಬೀದಿಯವರಿಗೆಲ್ಲ ಅವರು ಹರಾಜು ತಾತ. 'ಮಾತು ಬೆಳ್ಳಿ, ಮೌನ ಬಂಗಾರ' ಎಂದು ಯಾರಾದರೂ ಹೇಳಿದರೆ, "ನಮ್ಮ ಮನೆ ನಡೆದಿದ್ದು ಬೆಳ್ಳಿಯಲ್ಲೇ, ಬಂಗಾರ ನೀವಿಟ್ಕೊಳ್ಳಿ" ಅನ್ನುತ್ತಿದ್ದರು.

ಅಂಥ ಗಂಟಲಿಗೆ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು ಆಸ್ಪತ್ರೆಯವರು. ಮನೆಯವರು ಕಂಗಾಲಾದರು. ಆಗ ಅದೇ ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ತಾತನನ್ನು ಹತ್ತಿರ ಕೂರಿಸಿಕೊಂಡು, ಬೆರಳುದ್ದದ ಒಂದು ರೆಕಾರ್ಡರನ್ನು ಅಂಗೈಯಲ್ಲಿಟ್ಟರು.

"ನೀವು ದಿನಾ ಏನೇನು ಮಾತಾಡ್ತೀರೋ ಎಲ್ಲಾ ಇದರಲ್ಲಿ ಹೇಳಿಡಿ ತಾತ. ಆಪರೇಷನ್ ಆದ್ಮೇಲೆ ಅದನ್ನ ನಿಮ್ಮ ಫೋನಿಗೆ ಹಾಕಿಕೊಡ್ತೀನಿ. ಬೇಕಾದಾಗ ಒತ್ತಿದರೆ ನಿಮ್ಮ ದನಿಯಲ್ಲೇ ಮಾತು ಬರುತ್ತೆ. ಮನೆ ಕಂಪ್ಯೂಟರಿಗೆ ಕಾಪಿ ಮಾಡಿ ನನಗೆ ಕಳಿಸಿ, ಸಾಕು."

ತಾತ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೇಬಿಟ್ಟರು. "ನೀರು ಕೊಡಿ." "ಫ್ಯಾನ್ ಜೋರು ಮಾಡು." "ಗುಬ್ಬಿ, ಓಡಿ ಬಾ." "ಉಪ್ಪು ಕಡಿಮೆ."

ಒಲೆಯ ಮುಂದಿದ್ದ ಸೊಸೆ ಇಣುಕಿ ಹೇಳಿದಳು: "ಮಾವ, ಉಪ್ಪು ಕಡಿಮೆ ಅಂತ ಮೂರು ತರ ಹೇಳಿಟ್ಟಿದ್ದೀರಿ. ಅಡುಗೆ ಚೆನ್ನಾಗಿದೆ ಅಂತ ಒಂದಾದ್ರೂ ಹೇಳಿಡಿ!"

ತಾತ ನಕ್ಕು ಅದನ್ನೂ ಹೇಳಿದರು. ಗುಬ್ಬಿಗೆ ಲಾಲಿ ಹಾಡಿದರು. ಮಂಡಿಯ ಕೂಗನ್ನೂ ಒಮ್ಮೆ ಕೂಗಿದರು. ಆದರೆ ದಿನ ಕಳೆದಂತೆ ದನಿ ಸವೆಯುತ್ತ ಬಂತು. ಕೊನೆಕೊನೆಗೆ ಪಿಸುಮಾತು ಬಿಟ್ಟರೆ ಬೇರೇನೂ ಹೊರಡಲಿಲ್ಲ. ರೆಕಾರ್ಡರಿನಲ್ಲಿ ಇದ್ದದ್ದೇ ಇನ್ನು ತಾತನ ದನಿ. ಅದನ್ನು ಮತ್ತೊಮ್ಮೆ ಹೇಳಿಸಲು ಯಾರಿಂದಲೂ ಆಗುವಂತಿರಲಿಲ್ಲ.

ಈಗ ಬಡಗಿಗೆ ಆತುರ ಹತ್ತಿತು. ಮುಚ್ಚಿಹೋದ ಯಾವುದೋ ಆಫೀಸಿನಿಂದ ಹಳೆಯ ಕ್ಯಾಬಿನೆಟ್ಟೊಂದು ಅವನಿಗೆ ಸಿಕ್ಕಿತ್ತು. ಅದರ ಮುಂದಿನ ಪೋರ್ಟುಗಳು ಹೊಸದರಂತಿದ್ದವು. ಭಾನುವಾರ ಬೆಳಿಗ್ಗೆ, ಮುಂದಿನ ಪೋರ್ಟನ್ನೇ ಸರಿಮಾಡಿಬಿಡುತ್ತೇನೆಂದು ಎರಡೂ ಕ್ಯಾಬಿನೆಟ್ಟುಗಳನ್ನು ಹಜಾರದ ನೆಲಕ್ಕೆ ಹರಡಿಕೊಂಡು ಕೂತ.

"ರೀ, ಎದುರುಮನೆ ಟೀಚರನ್ನ ಒಂದು ಮಾತು ಕೇಳಬಾರದಾ?" ಎಂದಳು ಹೆಂಡತಿ.

ಎದುರುಮನೆಯಾಕೆ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ಹೇಳಿಕೊಡುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಕುರ್ಚಿ ಅಲ್ಲಾಡಿಸಿ ನೋಡಿ, "ಇದರ ಸ್ಕ್ರೂ ಸಡಿಲ ಆಗಿದೆ" ಅನ್ನುವ ಚಾಳಿ. ಅದಕ್ಕೇ ಬೀದಿಯವರು ಇಟ್ಟ ಹೆಸರು ಸ್ಕ್ರೂ ಟೀಚರ್. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

"ಅವರನ್ನ ಕರೆದರೆ ಒಂದು ಸ್ಕ್ರೂಗೆ ಒಂದು ಭಾಷಣ," ಎಂದ ಬಡಗಿ. "ಮರಕ್ಕೆ ಮರ ಕೂಡಿಸೋ ಕೈ ಇದು. ಈ ದಾರದಂಥ ವೈರುಗಳೇನು ಮಹಾ?"

ತನ್ನ ಕ್ಯಾಬಿನೆಟ್ಟಿನಿಂದ ಮದರ್‌ಬೋರ್ಡನ್ನು, ಅಂದರೆ ಕಂಪ್ಯೂಟರಿನ ಮುಖ್ಯ ಹಲಗೆಯನ್ನು, ಬಿಚ್ಚಿ ಆಫೀಸಿನಿಂದ ಬಂದದ್ದಕ್ಕೆ ಕೂರಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಮುಂದಿನ ಪೋರ್ಟುಗಳಿಂದ ಇಳಿದು ಬಂದ ವೈರುಗಳನ್ನು ನೋಡಿದಾಗ ಕೈ ತಡೆಯಿತು. ಅವನ ಮೊದಲಿನ ಕ್ಯಾಬಿನೆಟ್ಟಿನಲ್ಲಿ ಆ ವೈರುಗಳೆಲ್ಲ ಒಂದೇ ಪ್ಲಾಸ್ಟಿಕ್ ಅಚ್ಚಿನ ತುದಿಗೆ ಸೇರಿದ್ದವು. ಇದರಲ್ಲಿ ಒಂದೊಂದೂ ಬೇರೆ ಬೇರೆ: ಎರಡು ಪೋರ್ಟುಗಳಿಗೂ ಒಂದೊಂದು ಕೆಂಪು, ಬಿಳಿ, ಹಸಿರು, ಕಪ್ಪು. ಬೋರ್ಡಿನ ಮೇಲೆ ಎರಡು ಸಾಲು ಪುಟ್ಟ ಪಿನ್ನುಗಳು. ಒಂದು ಮೂಲೆಯಲ್ಲಿ ಪಿನ್ ಒಂದು ಇರಲೇ ಇಲ್ಲ.

'ಸಾಲಾಗಿ ಹಾಕ್ಕೊಂಡು ಹೋದರಾಯ್ತು' ಅಂದುಕೊಂಡ. ಪಿನ್ ಇಲ್ಲದ ಮೂಲೆಯ ಕಡೆಯಿಂದ ಶುರುಮಾಡಿ ಎರಡೂ ಸಾಲಿಗೆ ಕೆಂಪು, ಬಿಳಿ, ಹಸಿರು, ಕಪ್ಪು ಎಂದು ಒಂದೊಂದಾಗಿ ಸಿಕ್ಕಿಸಿದ. ಆಮೇಲೆ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು.

"ನೋಡಿದ್ಯಾ? ಸುಮ್ಮನೆ ಹೆದರಿಸ್ತಿದ್ದೆ."

ಮೊದಲು ನೋಡೋಣವೆಂದು ಹೆಂಡತಿ ತನ್ನ ಹಾಡುಗಳಿದ್ದ ಪೆನ್‌ಡ್ರೈವನ್ನು ಮುಂದಿನ ಪೋರ್ಟಿಗೆ ಚುಚ್ಚಿದಳು. ಪರದೆಯಲ್ಲಿ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಗುಬ್ಬಿ ಮೂಗು ಸುಕ್ಕುಗಟ್ಟಿಸಿ "ಥೂ" ಎಂದಳು. ಪ್ಲಾಸ್ಟಿಕ್ ಸೀದ ವಾಸನೆ.

"ಅಯ್ಯೋ!" ಪೆನ್‌ಡ್ರೈವ್ ಕೀಳಲು ಹೋದ ಹೆಂಡತಿ ಬೆರಳನ್ನು ಬಾಯಿಗಿಟ್ಟುಕೊಂಡಳು. "ಕೆಂಡ ಆಗಿದೆ ರೀ ಇದು!"

ಬಡಗಿ ಬಟ್ಟೆ ಹಿಡಿದು ಅದನ್ನು ಕಿತ್ತ. ಪಕ್ಕದ ಪೋರ್ಟಿಗೆ ಮೌಸ್ ಚುಚ್ಚಿ ನೋಡಿದ. ಅದಕ್ಕೆ ಜೀವವೇ ಬರಲಿಲ್ಲ. ಅವನ ಮುಖ ಸಣ್ಣದಾಯಿತು, ಮಾತು ಮಾತ್ರ ಸಣ್ಣದಾಗಲಿಲ್ಲ.

"ನಿನ್ನ ಪೆನ್‌ಡ್ರೈವೇ ಕಳಪೆ. ಬೀದಿಬದಿ ಮಾಲು, ಇನ್ನೇನಾಗುತ್ತೆ? ಆ ರೆಕಾರ್ಡರ್ ಕೊಡು ಇಲ್ಲಿ. ಆಸ್ಪತ್ರೆದು, ಒಳ್ಳೇದಿರುತ್ತೆ. ಅದನ್ನ ಹಾಕಿ ನೋಡೋಣ."

ರೆಕಾರ್ಡರ್ ಕಿಟಕಿಯ ಹಲಗೆಯ ಮೇಲಿತ್ತು. ಬಡಗಿ ಎದ್ದು ತಾನೇ ತೆಗೆದುಕೊಂಡ. ಅದರ ಚುಚ್ಚುವ ತುದಿಯ ಮುಚ್ಚಳ ಬಿಚ್ಚಿದ. ಪೋರ್ಟಿನ ಮುಂದೆ ಬಗ್ಗಿದ.

ಹಿಂದಿನಿಂದ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

"ಬೇಡ," ಎಂದರು ತಾತ.

ಗಾಳಿ ಸುಳಿದಂತಿತ್ತು ಆ ಮಾತು. ಇಡೀ ಮಂಡಿಯನ್ನು ಒಂದೇ ಕೂಗಿಗೆ ನಿಲ್ಲಿಸುತ್ತಿದ್ದ ಅಪ್ಪ ಆ ಒಂದು ಪದಕ್ಕೆ ಎಷ್ಟು ಕಷ್ಟಪಟ್ಟರೆಂಬುದು ಕುತ್ತಿಗೆಯ ನರ ಉಬ್ಬಿದ್ದರಲ್ಲೇ ಕಾಣುತ್ತಿತ್ತು. ಬಡಗಿ ಹಾಗೇ ನಿಂತ. ತಾತ ಸೊಸೆಯ ಕಡೆ ತಿರುಗಿ ಎದುರುಮನೆಯತ್ತ ಬೊಟ್ಟು ಮಾಡಿದರು. ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಟೀಚರ್ ಬಟ್ಟೆ ಒಗೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಬಂದರು. ಬಾಗಿಲಲ್ಲೇ ವಾಸನೆ ಹಿಡಿದರು.

"ಅಣ್ಣ, ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನ ಗೋಡೆಯಿಂದಲೇ ಕಿತ್ತುಬಿಡಿ. ವಾಸನೆ ಬಂದರೆ, ಬಿಸಿ ಆದರೆ, ಯಾಕೆ ಏನು ಅಂತ ಆಮೇಲೆ ಕೇಳೋಣ."

ಬಡಗಿ ಪ್ಲಗ್ ಕಿತ್ತ. ಟೀಚರ್ ಅವನ ಇನ್ನೊಂದು ಕೈಯಲ್ಲಿದ್ದ ರೆಕಾರ್ಡರ್ ನೋಡಿದರು. ಅದರೊಳಗೇನಿದೆ ಎಂದು ಬೀದಿಗೆಲ್ಲ ಗೊತ್ತಿತ್ತು.

"ಇದನ್ನ ಚುಚ್ಚಿದ್ರಾ?"

"ಇಲ್ಲ. ಅಪ್ಪ ಬಿಡಲಿಲ್ಲ."

ಟೀಚರ್ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. "ಹಾಗಾದ್ರೆ ಮೊದಲು ದನಿ, ಆಮೇಲೆ ವೈರು," ಎಂದವರೇ ಮನೆಗೆ ಹೋಗಿ ತಮ್ಮ ಲ್ಯಾಪ್‌ಟಾಪ್ ತಂದರು. ರೆಕಾರ್ಡರನ್ನು ಅದಕ್ಕೆ ಸಿಕ್ಕಿಸಿದರು. ಎಲ್ಲರೂ ಪರದೆಯನ್ನೇ ನೋಡಿದರು. ಸರಿಯಾಗಿ ಬಂದಿದೆಯೋ ಎಂದು ಟೀಚರ್ ಯಾವುದೋ ಒಂದನ್ನು ಒತ್ತಿದರು.

"ಉಪ್ಪು ಕಡಿಮೆ!" ಎಂದು ತಾತನ ಹಳೆಯ ತುಂಬುದನಿ ಹಜಾರದ ತುಂಬ ಮೊಳಗಿತು.

ಹೆಂಡತಿ ನಗಲು ಹೋಗಿ ಅತ್ತಳು. ಗುಬ್ಬಿ ಲ್ಯಾಪ್‌ಟಾಪಿನ ಹಿಂದೆ ಹೋಗಿ ಅಲ್ಲಿ ಇನ್ನೊಬ್ಬ ತಾತ ಇದ್ದಾನೇನೋ ಎಂದು ಹುಡುಕಿದಳು. ಬಡಗಿ ನೆಲದ ಮೇಲೆ ಕೂತ. ಕಪ್ಪಗೆ ಉಬ್ಬಿಹೋದ ಆ ಪೆನ್‌ಡ್ರೈವ್ ಅವನ ಮುಂದೆಯೇ ಬಿದ್ದಿತ್ತು. ಅದರ ಜಾಗದಲ್ಲಿ ರೆಕಾರ್ಡರನ್ನು ನೆನೆಸಿಕೊಂಡು ಅವನು ಪೆನ್‌ಡ್ರೈವನ್ನು ದೂರ ತಳ್ಳಿದ.

ಟೀಚರ್ ಎಲ್ಲವನ್ನೂ ಕಾಪಿ ಮಾಡಿದರು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ ಇಟ್ಟರು, ಇನ್ನೊಂದನ್ನು ಆಗಲೇ ಡಾಕ್ಟರಮ್ಮನಿಗೆ ಕಳಿಸಿದರು. "ಮತ್ತೆ ಸಿಗದೇ ಇರೋ ವಸ್ತು ಯಾವತ್ತೂ ಒಂದೇ ಕಡೆ ಇರಬಾರದು," ಎಂದರು ಹೆಂಡತಿಗೆ. ಅವಳು ಆಗಲೇ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದಳು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಬಡಗಿಯ ಹಳೆಯ ಚಾಳಿ ತಲೆಯೆತ್ತಿತು.

"ಆದ್ರೂ ಟೀಚರ್, ನಾನೇನು ಕಣ್ಣುಮುಚ್ಕೊಂಡು ಹಾಕಲಿಲ್ಲ. ಬಣ್ಣ ನೋಡಿ, ಸಾಲು ನೋಡಿ ಹಾಕಿದ್ದು. ಕಂಪ್ಯೂಟರೂ ಓಡ್ತು. ಪೆನ್‌ಡ್ರೈವೇ ಕೆಟ್ಟಿತ್ತು ಅಂತ ಯಾಕಿರಬಾರದು?"

"ಇರಬಹುದು," ಎಂದರು ಟೀಚರ್. "ನೋಡೇ ಬಿಡೋಣ. ಪ್ಲಗ್ ಕಿತ್ತಿದ್ದೀರಲ್ಲ? ಈಗ ಕಂಪ್ಯೂಟರಿನ ಆನ್ ಬಟನ್ ಒಮ್ಮೆ ಒತ್ತಿ ಹಿಡೀರಿ. ಒಳಗೆ ಉಳಿದಿರೋ ಅಷ್ಟಿಷ್ಟು ಕರೆಂಟೂ ಹೋಗಲಿ. ಬೋರ್ಡ್ ಮುಟ್ಟೋಕೆ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ. ನೈಲಾನ್ ಬಟ್ಟೆ ಕಳಚುವಾಗ ಚಟಪಟ ಅನ್ನುತ್ತಲ್ಲ, ಅಂಥ ಕಿಡಿ ನಮ್ಮ ಮೈಯಲ್ಲೂ ಇರುತ್ತೆ. ನಮಗೆ ಅದು ಚುರುಕ್ ಅನ್ನುತ್ತೆ ಅಷ್ಟೇ. ಬೋರ್ಡಿನ ಮೇಲಿರೋ ಸೂಕ್ಷ್ಮ ಚಿಪ್ಪುಗಳು ಸತ್ತೇ ಹೋಗಬಹುದು."

ಬಡಗಿ ಹೇಳಿದಂತೆ ಮಾಡಿದ. ಟೀಚರ್ ತಾವು ಕೈ ಹಾಕಲಿಲ್ಲ. ಕೈ ಬಡಗಿಯದೇ ಇರಲಿ ಎಂದು ಪಕ್ಕದಲ್ಲಿ ಕೂತರು.

"ಈಗ ವೈರು ಕೀಳೋಕೆ ಮುಂಚೆ ಫೋನಿನಲ್ಲೊಂದು ಫೋಟೋ ತೆಗೀರಿ. ಏನಿತ್ತು ಅಂತ ಆಮೇಲೆ ನೆನಪಿರಲ್ಲ."

ಹೆಂಡತಿ ಫೋಟೋ ತೆಗೆದಳು. ಬೋರ್ಡಿನ ನಡುವೆ ದಪ್ಪ ಅಕ್ಷರದಲ್ಲಿ ಅದರ ಮಾಡೆಲ್ ಹೆಸರಿತ್ತು. ಟೀಚರ್ ಅದನ್ನು ಓದಿಸಿ, ಆ ಬೋರ್ಡ್ ತಯಾರಿಸಿದ ಕಂಪನಿಯ ಕೈಪಿಡಿಯನ್ನು ಫೋನಿನಲ್ಲೇ ಹುಡುಕಿ, ಮುಂದಿನ ಪೋರ್ಟುಗಳ ಚಿತ್ರವಿದ್ದ ಪುಟ ತೆರೆದು ಬಡಗಿಯ ಮುಂದಿಟ್ಟರು.

"ಅಣ್ಣ, ನೀವೊಂದು ಬಾಗಿಲು ಮಾಡಬೇಕಾದ್ರೆ ಅಳತೆ ತಗೊಳ್ದೆ ಮರ ಕೊಯ್ತೀರಾ?"

"ಛೇ, ಎಲ್ಲಾದ್ರೂ ಉಂಟಾ?"

"ಇದು ಈ ಬೋರ್ಡಿನ ಅಳತೆ. ಪಕ್ಕದ ಮನೆ ಬೋರ್ಡಿಗೆ ಬೇರೆ ಇರಬಹುದು. ಚಿತ್ರದಲ್ಲಿ ಒಂದನೇ ಪಿನ್ ಎಲ್ಲಿದೆ ಹೇಳಿ."

ಬಡಗಿ ಸೂಕ್ಷ್ಮ ಕೆತ್ತನೆಗೆ ಬಳಸುವ ತನ್ನ ಭೂತಗನ್ನಡಿ ತಂದ. ಟಾರ್ಚ್ ಹಿಡಿದು ಬೋರ್ಡಿನ ಮೇಲೆ ಬಗ್ಗಿದ. ಪಿನ್ನುಗಳ ಒಂದು ತುದಿಯಲ್ಲಿ ಎಳ್ಳುಕಾಳಿನಷ್ಟು ಚಿಕ್ಕ 'ಒಂದು' ಎಂಬ ಗುರುತಿತ್ತು. ಪಿನ್ ಇಲ್ಲದ ಖಾಲಿ ಜಾಗ ಇದ್ದದ್ದು ಅದರ ಎದುರು ತುದಿಯಲ್ಲಿ. ಚಿತ್ರದಲ್ಲಿ ಒಂದನೇ ಪಿನ್ನಿನ ಪಕ್ಕ ಬರೆದಿತ್ತು: ಐದು ವೋಲ್ಟ್. ಅದೇ ಸಾಲಿನ ಕೊನೆಯ ಪಿನ್ನಿಗೆ ಬರೆದಿತ್ತು: ಗ್ರೌಂಡ್.

ಅವನು ಆ ಸಾಲಿನ ಕೆಂಪು ವೈರನ್ನು ನೋಡಿದ. ಅದು ಗ್ರೌಂಡ್ ಪಿನ್ನಿನ ಮೇಲೆ ಕೂತಿತ್ತು. ಕಪ್ಪು ವೈರು ಐದು ವೋಲ್ಟಿನ ಮೇಲೆ.

"ತಲೆಕೆಳಗಾಗಿದೆ," ಎಂದ ಮೆಲ್ಲಗೆ. "ಪೂರ್ತಿ ತಲೆಕೆಳಗು."

"ಹೌದಣ್ಣ. ಕೆಂಪು ವೈರು ಕರೆಂಟ್ ತರೋದು, ಕಪ್ಪು ಅದನ್ನ ವಾಪಸ್ ಒಯ್ಯೋದು. ನಡುವೆ ಬಿಳಿ, ಹಸಿರು ಮಾಹಿತಿ ಓಡಾಡೋ ದಾರಿ. ನೀವು ಆ ತುದಿಯಿಂದ ಶುರುಮಾಡಿದ್ದಕ್ಕೆ ಕರೆಂಟು ಹಿಂಬಾಗಿಲಿಂದ ನುಗ್ಗಿತು. ಪೆನ್‌ಡ್ರೈವ್ ಸುಟ್ಟುಹೋಯ್ತು. ಪಕ್ಕದ ಸಾಲಿನಲ್ಲಿ ಒಂದು ಪಿನ್ ಹೆಚ್ಚಿದೆ ನೋಡಿ, ಅದು ಯಾವುದಕ್ಕೂ ತಗಲದ ಖಾಲಿ ಪಿನ್. ಆ ಸಾಲಿನ ಕೆಂಪು ವೈರು ಅದರ ಮೇಲೆ ಕೂತಿದೆ. ಅದಕ್ಕೇ ಆ ಪೋರ್ಟಿಗೆ ಕರೆಂಟೇ ಹೋಗಲಿಲ್ಲ. ಪಾಪ, ಪೆನ್‌ಡ್ರೈವಿನದು ಏನೂ ತಪ್ಪಿಲ್ಲ."

ಬಡಗಿ ಹೆಂಡತಿಯ ಮುಖ ನೋಡಿದ. "ಬೀದಿಬದಿ ಮಾಲು ಅಂದಿದ್ದೆ," ಎಂದ.

"ಪರವಾಗಿಲ್ಲ ಬಿಡಿ. ಹಾಡು ಮತ್ತೆ ತುಂಬಿಸ್ಕೊಬಹುದು," ಎಂದು ಅವಳು ಸುಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅವನು ವೈರುಗಳನ್ನು ಒಂದೊಂದಾಗಿ, ವೈರು ಜಗ್ಗದೆ ತುದಿಯ ಪ್ಲಾಸ್ಟಿಕ್ಕನ್ನೇ ಹಿಡಿದು ಬಿಡಿಸಿದ. ಮತ್ತೆ ಕೂರಿಸಲು ಹೊರಟಾಗ ಟೀಚರ್ ತಡೆದರು. "ಬಣ್ಣವನ್ನೇ ನಂಬಬೇಡಿ. ಒಬ್ಬೊಬ್ಬ ತಯಾರಕ ಒಂದೊಂದು ಬಣ್ಣ ಹಾಕಿರ್ತಾನೆ. ವೈರಿನ ತುದಿ ಮೇಲೆ ಬರೆದಿರೋದನ್ನ ಓದಿ. ಬರವಣಿಗೆಯೂ ಇಲ್ಲ, ಚಿತ್ರವೂ ಸಿಗಲಿಲ್ಲ ಅಂದ್ರೆ ಊಹೆ ಮಾಡಿ ಹಾಕೋ ಬದಲು ಹಾಗೇ ಬಿಟ್ಟುಬಿಡಿ. ಮುಂದಿನ ಪೋರ್ಟ್ ಇಲ್ಲದಿದ್ರೂ ಕಂಪ್ಯೂಟರ್ ಓಡುತ್ತೆ. ಹಿಂದಿನ ಪೋರ್ಟುಗಳು ಬೋರ್ಡಿಗೇ ಅಂಟಿಕೊಂಡು ಬಂದಿರ್ತವೆ, ಅದರಲ್ಲಿ ಕೆಲಸ ಸಾಗಿಸಬಹುದು."

ಬಡಗಿ ತುದಿಗಳನ್ನು ಭೂತಗನ್ನಡಿಯಲ್ಲಿ ಓದಿದ, ಚಿತ್ರ ನೋಡಿದ, ಪಿನ್ ನೋಡಿದ, ಆಮೇಲೆ ಕೂರಿಸಿದ. ಮೇಜಿನ ಅಂಚಿಗೆ ಬಳ್ಳಿ ಕೆತ್ತುವಾಗಿನ ಸಮಾಧಾನ ಈಗ ಅವನ ಬೆರಳಿಗೆ ಬಂದಿತ್ತು.

ಆ ಕ್ಯಾಬಿನೆಟ್ಟಿನಿಂದ ಇಯರ್‌ಫೋನಿನ ಪೋರ್ಟಿಗೆ ಸೇರಿದ ಇನ್ನೊಂದು ತುದಿ ಇಳಿದಿತ್ತು. ಅದು ಮಾತ್ರ ಒಟ್ಟಿಗೆ ಅಚ್ಚು ಹಾಕಿದ ತುದಿ. ಬಡಗಿ ಅದನ್ನು ಹತ್ತಿರದ ಪಿನ್ನುಗಳಿಗೆ ಹಿಡಿದ, ಕೂರಲಿಲ್ಲ. ಹೆಬ್ಬೆರಳು ಒತ್ತಲು ಹೋಯಿತು.

"ಅಣ್ಣ, ಬಡಿಯೋಕೆ ಕೊಡತಿ ತರಬೇಕಾ?" ಎಂದರು ಟೀಚರ್.

ತಾತ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕರು. ಬಡಗಿ ಕೈ ಹಿಂದೆಗೆದ.

"ಮರ ಆದ್ರೆ ತಟ್ಟಿದರೆ ಕೂರುತ್ತೆ. ಇಲ್ಲಿ ಕೂರಲಿಲ್ಲ ಅಂದ್ರೆ ಅದು ಅದರ ಜಾಗ ಅಲ್ಲ ಅಂತ. ಆಡಿಯೋ ಪಿನ್ನುಗಳೂ ಪೆನ್‌ಡ್ರೈವ್ ಚುಚ್ಚೋ ಯುಎಸ್‌ಬಿ ಪೋರ್ಟಿನ ಪಿನ್ನುಗಳೂ ನೋಡೋಕೆ ಅವಳಿ ಜವಳಿ ಮಕ್ಕಳ ತರ. ಪಿನ್ ಇಲ್ಲದ ಜಾಗ ಮಾತ್ರ ಬೇರೆ ಬೇರೆ ಕಡೆ. ತುದಿಯಲ್ಲಿ ಮುಚ್ಚಿರೋ ತೂತು ಎಲ್ಲಿದೆಯೋ, ಪಿನ್ ಇಲ್ಲದ ಜಾಗವೂ ಅಲ್ಲೇ ಬರಬೇಕು. ಹೊಸ ಬೋರ್ಡುಗಳಲ್ಲಿ ಅಗಲವಾದ ಇನ್ನೊಂದು ಯುಎಸ್‌ಬಿ ತುದಿ ಬರುತ್ತೆ, ಅದರ ಪಿನ್ನುಗಳು ಇನ್ನೂ ತೆಳು. ಒತ್ತಿದ್ರೆ ಬಾಗುತ್ತವೆ, ನೆಟ್ಟಗೆ ಮಾಡೋಕೆ ಹೋದ್ರೆ ಮುರೀತವೆ."

ಬಡಗಿ ಹುಡುಕಿದ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಆಡಿಯೋ ಎಂದು ಬರೆದ ಪಿನ್ನುಗಳಿದ್ದವು. ತುದಿಯನ್ನು ಅಲ್ಲಿಟ್ಟ. ಒತ್ತುವ ಮೊದಲೇ ಮೆತ್ತಗೆ ಇಳಿದು ಕೂತಿತು.

"ಇನ್ನು ಈ ಆನ್ ಬಟನ್ನಿನ ವೈರು? ಇದೂ ತಲೆಕೆಳಗಾದರೆ?" ಅವನೇ ಕೇಳಿದ. ಬೆಳಿಗ್ಗೆ ಅವನು ಹಾಗೆ ಯಾವುದನ್ನೂ ಕೇಳಿರಲಿಲ್ಲ.

"ಅದರ ಪಿನ್ನಿನಲ್ಲೇ ಇದ್ದರೆ ಸಾಕು. ಸ್ವಿಚ್ಚಿಗೆ ಹಿಂದುಮುಂದು ಇಲ್ಲ. ಮುಂದಿನ ಪುಟ್ಟ ದೀಪಗಳಿಗೆ ಉಂಟು. ಅವಕ್ಕೆ ಪ್ಲಸ್ ಕಡೆ ಪ್ಲಸ್ಸೇ ಬರಬೇಕು. ಹಿಂದುಮುಂದಾಗಿ ಹಾಕಿದ್ರೆ ದೀಪ ಹತ್ತಲ್ಲ ಅಷ್ಟೇ, ಮತ್ತೆ ತಿರುಗಿಸಿದ್ರಾಯ್ತು. ಯುಎಸ್‌ಬಿ ಮಾತ್ರ ಹಾಗೆ ಕ್ಷಮಿಸಲ್ಲ."

ಎಲ್ಲ ಮುಗಿದ ಮೇಲೆ ಬಡಗಿ ಪ್ಲಗ್ ಹಾಕಿದ. ಟೀಚರ್ ಅವನ ಕೈಗೆ ಹಳೆಯ ಮೌಸೊಂದನ್ನು ಕೊಟ್ಟರು. "ಮೊದಲ ಪರೀಕ್ಷೆ ಯಾವಾಗಲೂ, ಸುಟ್ಟುಹೋದರೂ ಅಳು ಬರದೇ ಇರೋ ವಸ್ತುವಿಗೆ."

ಮೌಸಿನ ಹೊಟ್ಟೆಯಡಿ ಕೆಂಪು ಬೆಳಕು ಹತ್ತಿತು. ಇನ್ನೊಂದು ಪೋರ್ಟಿಗೆ ಹಾಕಿದರು, ಅಲ್ಲೂ ಹತ್ತಿತು. ಸ್ವಲ್ಪ ಹೊತ್ತು ಬಿಟ್ಟು ಬಡಗಿ ಅದರ ತುದಿ ಮುಟ್ಟಿ ನೋಡಿದ. ತಣ್ಣಗಿತ್ತು. ಅದಾದ ಮೇಲೆ ಟೀಚರಿನ ಹಳೆಯ ಪೆನ್‌ಡ್ರೈವ್ ಹಾಕಿದರು, ಪರದೆಯಲ್ಲಿ ಅದರ ಹೆಸರು ಮೂಡಿತು. ಹೆಂಡತಿ ಚಹಾದ ಲೋಟಗಳನ್ನು ತಂದಿಟ್ಟು, ಟೀಚರಿನ ಲೋಟಕ್ಕೆ ಕೇಳದೆಯೇ ಎರಡನೇ ಸಲ ಸುರಿದಳು.

"ಟೀಚರ್," ಎಂದ ಬಡಗಿ. "ನಿಮ್ಮ ಉಪಕಾರ ಹೇಗೆ ತೀರಿಸಲಿ? ನಮ್ಮಪ್ಪನ ದನಿ ಉಳಿಸಿಕೊಟ್ರಿ."

"ಉಳಿಸಿದ್ದು ನಾನಲ್ಲಣ್ಣ. ಅಪ್ಪ ಬೇಡ ಅಂದ್ರು, ನೀವು ಕೈ ನಿಲ್ಲಿಸಿದ್ರಿ. ಎಷ್ಟೋ ಮನೆಗಳಲ್ಲಿ ಆ ಕೈ ನಿಲ್ಲಲ್ಲ. ಸುಟ್ಟ ಮೇಲೆ ನನ್ನ ಹತ್ರ ತರ್ತಾರೆ. ಮಗುವಿನ ಫೋಟೋ ಇತ್ತು, ತೀರಿಕೊಂಡ ಅಮ್ಮನ ವಿಡಿಯೋ ಇತ್ತು ಅಂತ ಹೇಳ್ತಾರೆ. ನಾನೇನು ಮಾಡ್ಲಿ? ಅವರ ಜೊತೆ ಸುಮ್ಮನೆ ಕೂತ್ಕೋತೀನಿ."

ಆಗ ತಾತ ಕುರ್ಚಿಯಿಂದ ಕೈ ಚಾಚಿದರು. ರೆಕಾರ್ಡರ್ ಬೇಕೆಂದು ಸನ್ನೆ ಮಾಡಿದರು. ಬಡಗಿ ಕೊಟ್ಟ. ತಾತ ಅದನ್ನು ತುಟಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎಲ್ಲ ಶಕ್ತಿ ಒಟ್ಟುಗೂಡಿಸಿಕೊಂಡು ಹೇಳಿದರು:

"ಉಪಕಾರ ಆಯ್ತು ತಾಯಿ."

ಹೇಳಿ ಮುಗಿಸಿ ಸೊಸೆಯ ಕಡೆ ನೋಡಿದರು. ನೀರು, ಫ್ಯಾನು, ಉಪ್ಪು, ಲಾಲಿ ಎಲ್ಲ ಹೇಳಿಟ್ಟಿದ್ದರು. ಇದೊಂದು ಮಾತನ್ನೇ ಮರೆತಿದ್ದರು. ದನಿ ಒಡೆದಿತ್ತು, ಅರ್ಧ ಗಾಳಿಯೇ ಇತ್ತು. ಆದರೆ ಪದ ಸ್ಪಷ್ಟವಾಗಿತ್ತು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಲೇ ಇದ್ದರು. ಆ ಮಾತನ್ನು ಬಡಗಿಯೇ, ತಾನು ಜೋಡಿಸಿದ ಪೋರ್ಟಿನಿಂದ, ಕಂಪ್ಯೂಟರಿಗೆ ಇಳಿಸಿದ. ಇಳಿಯಿತು ಎಂದು ಪರದೆ ಹೇಳಿದ ಮೇಲೂ ಮತ್ತೊಮ್ಮೆ ಒತ್ತಿ ಕೇಳಿದ.

ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು. ಬಡಗಿ ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನಲ್ಲಿ ಊಟ ನಿದ್ದೆ ಬಿಟ್ಟು ಕೂತಿದ್ದ. ತಾತ ಕಣ್ಣು ಬಿಟ್ಟು ಸ್ವಲ್ಪ ಚೇತರಿಸಿಕೊಂಡ ದಿನ ಡಾಕ್ಟರಮ್ಮ ಬಂದು ಫೋನನ್ನು ಅವರ ಕೈಗಿಟ್ಟರು. ಅದರಲ್ಲಿ ಎಲ್ಲ ಮಾತುಗಳೂ ಸಾಲಾಗಿ ಇದ್ದವು. ತಾತ ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸುತ್ತ ಸರಿಸುತ್ತ ಬಹಳ ಹೊತ್ತು ಏನನ್ನೋ ಹುಡುಕಿದರು. ನೀರು ಬೇಕೇನೋ ಎಂದು ಬಡಗಿ ಲೋಟ ತೆಗೆದ. ತಾತ ತಲೆಯಾಡಿಸಿ ಒಂದನ್ನು ಒತ್ತಿದರು.

ಮಂಡಿಯ ಕಟ್ಟೆಯ ಮೇಲಿನ ಅದೇ ದನಿ ವಾರ್ಡಿನಲ್ಲಿ ಕೇಳಿಸಿತು:

"ಲೋ ಮಗನೇ, ಎಷ್ಟು ಹೊತ್ತು ಅಂತ ನನ್ನೇ ನೋಡ್ಕೊಂಡು ಕೂತಿರ್ತೀಯೋ? ಮನೆಗೆ ಹೋಗಿ ಮಲ್ಕೊ. ನಾನು ಚೆನ್ನಾಗಿದ್ದೀನಿ."

ಮಗ ಹೀಗೆ ಕೂತಿರುತ್ತಾನೆ ಎಂದು ಅಪ್ಪನಿಗೆ ಕಿಟಕಿಯ ಪಕ್ಕ ಕೂತಾಗಲೇ ಗೊತ್ತಿತ್ತು. ಬಡಗಿ ಮಂಚದ ಅಂಚಿಗೆ ಹಣೆ ಹಚ್ಚಿದ. ತಾತ ಅವನ ತಲೆಯ ಮೇಲೆ ಕೈಯಿಟ್ಟು, ಅದೇ ಮಾತನ್ನು ಇನ್ನೊಮ್ಮೆ ಒತ್ತಿದರು. ಪಕ್ಕದ ಮಂಚದವನು, "ಹೋಗಪ್ಪಾ, ಇಷ್ಟು ಚೆನ್ನಾಗಿ ಹೇಳ್ತಿದ್ದಾರಲ್ಲ, ಹೋಗು" ಎಂದ. ಬಡಗಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಎದ್ದ.

ಈಗ ಆ ಬೀದಿಯಲ್ಲಿ ಯಾರಾದರೂ ಕ್ಯಾಬಿನೆಟ್ ಬಿಚ್ಚುವ ಸದ್ದು ಕೇಳಿದರೆ ಸಾಕು, ಬಡಗಿ ಭೂತಗನ್ನಡಿ ಹಿಡಿದು ಅಲ್ಲಿಗೆ ಹೋಗುತ್ತಾನೆ. "ಪ್ಲಗ್ ಕಿತ್ತಿದ್ದೀರಾ? ಕೈಪಿಡಿ ನೋಡಿದ್ರಾ?" ಎಂದು ಶುರುಮಾಡುತ್ತಾನೆ. ಬೀದಿಯವರು ಅವನಿಗೂ ಒಂದು ಅಡ್ಡಹೆಸರು ಇಡುವ ಯೋಚನೆಯಲ್ಲಿದ್ದಾರೆ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರಿನ ಮುಂದಿನ ಪೋರ್ಟ್ ಕೆಟ್ಟರೆ ಹೆದರಬೇಡಿ, ಆತುರವನ್ನೂ ಪಡಬೇಡಿ. ಒಳಗೆ ಕೈ ಹಾಕುವ ಮುನ್ನ ಗೋಡೆಯ ಪ್ಲಗ್ ಕೀಳಿರಿ, ಬರಿ ಕಬ್ಬಿಣ ಮುಟ್ಟಿರಿ. ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರ ನೋಡದೆ ಒಂದು ವೈರನ್ನೂ ಸಿಕ್ಕಿಸಬೇಡಿ, ಬಣ್ಣ ನೋಡಿ ಊಹಿಸಬೇಡಿ. ಕೂರದೆ ಇದ್ದದ್ದನ್ನು ಒತ್ತಬೇಡಿ. ಮೊದಲು ಹಳೆಯ ಮೌಸ್ ಹಾಕಿ ನೋಡಿ. ಗೊತ್ತಾಗದಿದ್ದರೆ ಹಾಗೇ ಬಿಟ್ಟು ಹಿಂದಿನ ಪೋರ್ಟ್ ಬಳಸಿ, ಗೊತ್ತಿದ್ದವರನ್ನು ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಇವತ್ತೇ ಇನ್ನೊಂದು ಕೆಲಸ ಮಾಡಿ. ನಿಮಗೆ ಬೇಕಾದವರ ದನಿ, ಫೋಟೋ ಎಲ್ಲಿದೆಯೋ ಹುಡುಕಿ, ಅದರದ್ದೊಂದು ಪ್ರತಿಯನ್ನು ಬೇರೆ ಕಡೆ ಇಡಿ. ಅದು ಮುಗಿದ ಮೇಲೆ ನಿಮ್ಮ ಬೀದಿಯಲ್ಲೂ ಒಬ್ಬ ಸ್ಕ್ರೂ ಟೀಚರ್ ಇದ್ದರೆ, ಅವರ ಬಾಗಿಲು ತಟ್ಟಿ ಒಂದು ಉಪಕಾರದ ಮಾತು ಹೇಳಿ ಬನ್ನಿ. ದನಿ ಇರುವಾಗಲೇ ಹೇಳಿ.